ಹಳೇ ಕ್ಯಾಸೆಟ್ ಉಳಿಸಿಕೊಟ್ಟವರಿಗೆ

ಹೆಸರೂ ಹೇಳದೆ ಕ್ಯಾಸೆಟ್ ರಿಪೇರಿ ಕಲಿಸಿದವರೇ, ನಮ್ಮ ಬ್ಯಾಚಿನವರೆಲ್ಲರ ಪರವಾಗಿ ಮನಸಾರೆ ಧನ್ಯವಾದ. ಕಾಲೇಜು ದಿನಗಳ ಹಾಡುಗಳು ಮತ್ತೆ ಕೇಳುತ್ತಿರುವುದು ನಿಮ್ಮಿಂದಲೇ.

ತುಂಡಾದ ಟೇಪಿಗೆ ಮಾಮೂಲಿ ಸೆಲ್ಲೋಟೇಪ್ ಬೇಡವೇ ಬೇಡ ಅಂದಿರಲ್ಲ, ಅದೇ ದೊಡ್ಡ ಉಪಕಾರ. ಅದರ ಅಂಟು ಕ್ರಮೇಣ ಪಕ್ಕಕ್ಕೆ ಜಿನುಗಿ ಟೇಪಿನ ಮುಂದಿನ ಸುತ್ತಿಗೂ, ಪ್ಲೇಯರಿನಲ್ಲಿ ಟೇಪಿನಿಂದ ಹಾಡನ್ನು ಓದುವ ಹೆಡ್ಡಿಗೂ ಮೆತ್ತಿಕೊಳ್ಳುತ್ತದೆ. ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಸಂದು ಉಳಿಯದಂತೆ ಜೋಡಿಸಿ, ತುಂಡುಗಳನ್ನು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನು ಹೆಡ್ಡಿಗೆ ತಾಗದ ಬದಿಗೇ ಅಂಟಿಸಬೇಕು.

ಹಾಡು ಮಂಕಾಗಿ ಕೇಳಿದರೆ ಕ್ಯಾಸೆಟ್ಟಿನೊಳಗಿನ ಸ್ಪ್ರಿಂಗಿನ ಮೇಲಿನ ಪುಟ್ಟ ಫೆಲ್ಟ್ (ಮೆತ್ತನೆ ಬಟ್ಟೆ) ಚೂರು ಉದುರಿದೆಯೇ ನೋಡಬೇಕು. ಅದಿಲ್ಲದಿದ್ದರೆ ಟೇಪು ಹೆಡ್ಡಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿರಬೇಕು, ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ.