ಲಂಕೆಗೆ ಹೊರಟಿರೋ ಮಗಳಿಗೆ, ಕೆರೆ ಹುಚ್ಚಿನ ಅಪ್ಪನಿಂದ

ಪುಟ್ಟಿ,

ಫ್ಯಾಮಿಲಿ ಗ್ರೂಪಲ್ಲಿ ಹಾಕಿದ ನಿನ್ನ ಶ್ರೀಲಂಕಾ ಪ್ಲಾನ್ ನೋಡ್ದೆ. ಸಿಗಿರಿಯಾ, ಕ್ಯಾಂಡಿ, ಬೆಟ್ಟದ ಟ್ರೈನು, ಆಮೇಲೆ ಸೀದಾ ಬೀಚು. ನಿಮ್ಮ ವಯಸ್ಸಿಗೆ ಸರಿಯಾಗೇ ಇದೆ ಬಿಡು. ಆದ್ರೆ ಹಳೇ ರಾಜಧಾನಿಗಳಾದ ಅನುರಾಧಪುರ ಇಲ್ಲ, ಪೊಲೊನ್ನರುವ ಇಲ್ಲ, ಹೆಸರಿಗೆ ಒಂದು ಕೆರೆನೂ ಇಲ್ಲ. ಇಡೀ ಸರ್ವೀಸು ಸಣ್ಣ ನೀರಾವರಿಲಿ ಕಳೆದವನ ಮಗಳು ಲಂಕೆಗೆ ಹೋಗಿ ಕೆರೆ ನೋಡದೆ ವಾಪಸ್ ಬಂದ್ಳು ಅಂದ್ರೆ ನಂಗೆ ನಿದ್ದೆ ಬರಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೈಕೊಂಡಾದ್ರೂ ಪೂರ್ತಿ ಓದು.

ಸಿಗಿರಿಯಾ ಅಂತೂ ಬಿಡಲೇಬೇಡ. ಬೆಳಿಗ್ಗೆ ಗೇಟು ತೆಗೀತಿದ್ದಂಗೆ ಬಂಡೆ ಏರೋಕೆ ಶುರು ಮಾಡಿ, ಬಿಸಿಲೇರಿದ್ರೆ ಮೆಟ್ಟಿಲ ಕಂಬಿ ಮುಟ್ಟಕ್ಕಾಗಲ್ಲ. ಹೆಜ್ಜೇನು, ಕಣಜದ ಕಾಟ ಬೇರೆ ಇದೆ, ಕಿರುಚಾಡ್ಬೇಡಿ. ಬಯಲಿಂದ ಹೆಚ್ಚುಕಮ್ಮಿ 200 ಮೀಟರ್ ಎದ್ದು ನಿಂತಿರೋ ಬಂಡೆ, ಅದರ ನೆತ್ತಿ ಮೇಲೆ ಅರಮನೆ. ಕಟ್ಟಿಸಿದವನು 5ನೇ ಶತಮಾನದ ಕಾಶ್ಯಪ. ಅಪ್ಪನ್ನೇ ಕೊಂದು ಪಟ್ಟಕ್ಕೆ ಬಂದ ಪುಣ್ಯಾತ್ಮ. ಹಕ್ಕುದಾರ ತಮ್ಮ ಮೊಗ್ಗಲ್ಲಾನ ತಪ್ಪಿಸ್ಕೊಂಡು ಭಾರತಕ್ಕೆ ಓಡಿಬಂದಿದ್ದ, ಅವನು ಯಾವತ್ತು ದಂಡು ಕಟ್ಕೊಂಡು ವಾಪಸ್ ಬರ್ತಾನೋ ಅನ್ನೋ ಭಯಕ್ಕೆ ಇವನು ಬಂಡೆ ಮೇಲೆ ಹೋಗಿ ಕೂತ ಅಂತಾರೆ. ತಮ್ಮ ಬಂದೇ ಬಂದ, 495ರಲ್ಲಿ. ಕಾಶ್ಯಪ ತನ್ನ ಕತ್ತು ತಾನೇ ಕುಯ್ಕೊಂಡ.

ಎಲ್ರೂ ಮೇಲಿನ ಮೆಟ್ಟಿಲ ಬುಡದಲ್ಲಿರೋ ದೊಡ್ಡ ಸಿಂಹದ ಪಾದದ ಹತ್ರ ಫೋಟೋಗೆ ಓಡ್ತಾರೆ. ನೀನು ಮೊದ್ಲು ಕೆಳಗಿನ ತೋಟದಲ್ಲಿ ಸ್ವಲ್ಪ ಹೊತ್ತು ನಿಲ್ಲು. ದಾರಿ ಪಕ್ಕ ದುಂಡನೆ ಸುಣ್ಣಕಲ್ಲಿನ ಚಪ್ಪಡಿ ಕಾಣತ್ತೆ, ಅದರ ಮೈತುಂಬ ಬೆರಳು ಹೋಗೋ ಹಂಗಿರೋ ತೂತುಗಳು. ಅದು ಕಾರಂಜಿ ಕಣೇ! ಪಂಪಿಲ್ಲ ಮೋಟ್ರಿಲ್ಲ, ಎತ್ತರದಲ್ಲಿ ನಿಂತ ನೀರು ನೆಲದಡಿ ಕಾಲುವೇಲಿ ಬಂದು ಅದರ ಒತ್ತಡಕ್ಕೇ ಮೇಲಕ್ಕೆ ಚಿಮ್ಮತ್ತೆ, ಮಳೆ ಚೆನ್ನಾಗಿ ಆದ್ರೆ ಇವತ್ತಿಗೂ. ನಾನು ಮಂಡಿಯೂರಿ ತೂತು ಎಣಿಸ್ತಿದ್ರೆ ನಿಮ್ಮಮ್ಮ "ಪರದೇಶಕ್ಕೆ ಬಂದ್ರೂ ಚರಂಡಿ ಬಿಡಲ್ವಲ್ರೀ" ಅಂತ ಎಲ್ರೆದುರೂ ಮಾನ ತೆಗೆದ್ಳು.

ಅರ್ಧ ದಾರೀಲಿ ಬಂಡೆ ಮೇಲೆ ಹೆಂಗಸರ ಚಿತ್ರಗಳಿವೆ, ಅಲ್ಲಿ ಫೋಟೋ ತೆಗೆಯಂಗಿಲ್ಲ. ಅದರ ಪಕ್ಕದ ಕನ್ನಡಿ ಗೋಡೆ ನಿಂಗೆ ಇಷ್ಟ ಆಗತ್ತೆ. ಸಾವಿರ ವರ್ಷದ ಹಿಂದೆ ಬಂದ ಟೂರಿಸ್ಟುಗಳು ಆ ಚಿತ್ರದ ಸುಂದರಿಯರ ಮೇಲೆ ಪದ್ಯ ಕಟ್ಟಿ ಗೋಡೆ ಮೇಲೆ ಗೀಚಿ ಹೋಗಿದಾರೆ, ಗಂಡಸರಷ್ಟೇ ಅಲ್ಲ ಹೆಂಗಸರೂ. ಪರಣವಿತಾನ ಅನ್ನೋ ವಿದ್ವಾಂಸರು ಕೂತು 685 ಪದ್ಯ ಓದಿ 1956ರಲ್ಲಿ ಪ್ರಿಂಟ್ ಮಾಡಿಸಿದ್ರು. ನೀವೇನಾದ್ರೂ ಗೀಚಕ್ಕೆ ಹೋದ್ರೆ ಜೈಲು, ನಿನ್ನ ಫ್ರೆಂಡ್ಸ್‌ಗೂ ಹೇಳಿಡು.

ಈಗ ನನ್ನ ಹೀರೋ ವಿಷ್ಯಕ್ಕೆ ಬರ್ತೀನಿ. ಕಾಶ್ಯಪ ಕೊಂದನಲ್ಲ ಅಪ್ಪ, ಅವನ ಹೆಸರು ಧಾತುಸೇನ. ಕಲಾ ವೇವ ಅನ್ನೋ ಕೆರೆ ಕಟ್ಟಿಸಿದವನು. "ನಿಧಿ ಎಲ್ಲಿಟ್ಟಿದೀಯ ತೋರ್ಸು" ಅಂತ ಮಗ ಕಾಡಿದಾಗ ಆ ಮುದುಕ ಇದೇ ಕೆರೆಗೆ ಬಂದು ಮಿಂದು, ಬೊಗಸೇಲಿ ನೀರೆತ್ತಿ "ನನ್ನ ಆಸ್ತಿ ಇಷ್ಟೇ ಕಣಪ್ಪ" ಅಂದನಂತೆ. ಮಗನಿಗೆ ಸಿಟ್ಟು ನೆತ್ತಿಗೇರಿ ಕೊಲ್ಲಿಸ್ದ. ಇದು ಅವರ ವಂಶಕಥೆಗಳಲ್ಲಿ ಬರೋ ಕತೆ, ನಿಜ ಎಷ್ಟೋ ಸುಳ್ಳೆಷ್ಟೋ, ಕೆರೆ ಮಾತ್ರ ಸುಳ್ಳಲ್ಲ. ಅಲ್ಲಿಂದ ಅನುರಾಧಪುರಕ್ಕೆ 87 ಕಿಲೋಮೀಟರ್ ಕಾಲುವೆ, ಶುರುವಿನ ಭಾಗದಲ್ಲಿ ಕಿಲೋಮೀಟರಿಗೆ 10 ಸೆಂಟಿಮೀಟರ್ ಇಳಿಜಾರು ಅಷ್ಟೇ! ಲೆವೆಲ್ ಮೆಷಿನ್ ಇಟ್ಕೊಂಡೇ ನಮ್ಮೋರು ಚಾನಲ್ ಉಲ್ಟಾ ಹರಿಯೋ ಹಂಗೆ ತೆಗೆದಿದ್ದನ್ನ ಕಣ್ಣಾರೆ ಕಂಡವನು ನಾನು, ಆ ಕಾಲುವೆ ದಂಡೆಲಿ ನಿಂತಾಗ ಮಾತೇ ಬರಲಿಲ್ಲ. ಹತ್ರದಲ್ಲೇ ಅವುಕನ ಬುದ್ಧ ಇದೆ, ಒಂದೇ ಬಂಡೆಲಿ ಕಡೆದ ನಿಂತ ಬುದ್ಧ, ಅದನ್ನೂ ಸೇರಿಸ್ಕೋ.

ಕೆರೆ ಏರಿ ಮೇಲೆ ನಡೆಯೋವಾಗ ಕಲ್ಲು ಕಟ್ಟಿದ ಚೌಕ ಬಾವಿ ತರದ್ದೇನಾದ್ರೂ ಕಂಡ್ರೆ ಸುಮ್ನೆ ದಾಟ್ಕೊಂಡು ಹೋಗ್ಬೇಡ. ಬಿಸೋಕೊಟುವ ಅಂತಾರೆ. ನೀನು ಚಿಕ್ಕೋಳಿದ್ದಾಗ ಸೂಳೆಕೆರೆ ತೂಬು ತೋರ್ಸಿದ್ನಲ್ಲ, ಕೆಲಸ ಅದೇ. ಆಳದ ನೀರು ಸೀದಾ ಹೊರಗೆ ನುಗ್ಗಿದ್ರೆ ಏರಿನೇ ಕೊಚ್ಕೊಂಡು ಹೋಗತ್ತೆ, ಅದಕ್ಕೆ ಮೊದ್ಲು ಈ ಬಾವಿಗೆ ಬಿದ್ದು ಜೋರು ಕಳ್ಕೊಂಡು ಆಮೇಲೆ ಕಾಲುವೆಗೆ ಹೋಗ್ಬೇಕು. ಹೆನ್ರಿ ಪಾರ್ಕರ್ ಅಂತ ಬ್ರಿಟಿಷ್ ಇಂಜಿನಿಯರು ಇದನ್ನ ನೋಡಿ, ನಮ್ಮ ಈಗಿನ ಜಲಾಶಯದ ವಾಲ್ವ್ ಟವರಿಗೆ ಇದೇ ಅಜ್ಜ ಅನ್ನೋ ತೀರ್ಮಾನಕ್ಕೆ ಬಂದಿದ್ದ.

ಅನುರಾಧಪುರದಲ್ಲಿ ಬೋಧಿಮರ ನೋಡು, ಅಶೋಕನ ಮಗಳು ಸಂಘಮಿತ್ತೆ ತಂದ ಸಸಿ ಅಂತ ನಂಬಿಕೆ. ಜೇತವನಾರಾಮ ಸ್ತೂಪ ಒಂದು ಕಾಲಕ್ಕೆ 122 ಮೀಟರ್ ಇತ್ತು, ಒಂಬತ್ತು ಕೋಟಿ ಮೇಲೆ ಇಟ್ಟಿಗೆ ಅಂತ ಲೆಕ್ಕ. ಇದನ್ನ ಶುರು ಮಾಡಿದ ಮಹಾಸೇನ ರಾಜನೇ ಮಿನ್ನೇರಿಯಾ ಕೆರೆನೂ ಕಟ್ಟಿಸಿದ್ದು. ಸ್ತೂಪ ಕಟ್ಟಿಸಿದ್ದಕ್ಕಲ್ಲ, ಕೆರೆ ಕಟ್ಟಿಸಿದ್ದಕ್ಕೆ ಅಲ್ಲಿನ ಜನ ಅವನನ್ನ ಮಿನ್ನೇರಿ ದೇವರು ಅಂತ ಪೂಜೆ ಮಾಡ್ತಾರೆ.

ಪೊಲೊನ್ನರುವದಲ್ಲಿ ಗಲ್ ವಿಹಾರ ಸಾಯಂಕಾಲ ನೋಡು, ಮಲಗಿರೋ ಬುದ್ಧ 14 ಮೀಟರ್, ತಲೆದಿಂಬು ತಲೆಭಾರಕ್ಕೆ ಚೂರು ಒಳಗೆ ತಗ್ಗಿರೋದನ್ನೂ ಕಲ್ಲಲ್ಲೇ ತೆಗೆದಿದಾರೆ. ಅಲ್ಲೇ ಚೋಳರ ಕಾಲದ ಶಿವನ ಗುಡಿನೂ ಇದೆ. ಚೋಳರನ್ನ ಓಡಿಸಿದ ಲಂಕೆಯ ರಾಜ ವಿಜಯಬಾಹು ನಮ್ಮ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಹತ್ರ ದೂತರನ್ನ ಕಳ್ಸಿದ್ರೆ ದಾರೀಲಿ ಚೋಳರು ಹಿಡಿದು ಅವರ ಕಿವಿ ಮೂಗು ಕುಯ್ದು ಕಳ್ಸಿದ್ರಂತೆ. ಅಷ್ಟು ಹಳೇ ನಂಟು ನಮ್ದೂ ಅವರ್ದೂ.

ಕಾಡು ಪ್ರಾಣಿ ನೋಡ್ಬೇಕು ಅಂದ್ಯಲ್ಲ, ಅದೂ ಕೆರೆಲೇ. ಅಲ್ಲಿನ ಮಳೆ ಇಲ್ಲದ ತಿಂಗಳುಗಳಲ್ಲಿ ಮಿನ್ನೇರಿಯಾ ನೀರು ಇಳಿದಂಗೆ ಅಂಗಳದಲ್ಲಿ ಹಸಿ ಹುಲ್ಲು ಏಳತ್ತೆ, ಅದಕ್ಕೆ ಜುಲೈಯಿಂದ ಸೆಪ್ಟೆಂಬರ್ ತನಕ ನೂರಾರು ಆನೆ ಬಂದು ಸೇರ್ತವೆ. ಈಚೆಗೆ ಮೊರಗಹಕಂದ ಡ್ಯಾಮಿನ ನೀರನ್ನ ಅದೇ ಟೈಮಲ್ಲಿ ಇಲ್ಲಿಗೆ ಬಿಟ್ಟು ಹುಲ್ಲೆಲ್ಲ ಮುಳುಗಿಸ್ತಿದಾರೆ, ಆನೆ ಕಮ್ಮಿಯಾಗ್ತಿವೆ ಅಂತ ಅಲ್ಲಿನ ಆನೆ ತಜ್ಞರ ದೂರು. ಗದ್ದೆಗೂ ನೀರು ಬೇಕು, ತೂಬಿನ ಕೀಲಿ ಹಿಡಿದವನ ಕಷ್ಟ ನಂಗೆ ಗೊತ್ತು, ಆದ್ರೂ ನಾನು ಆನೆ ಪಾರ್ಟಿ. ಜೀಪಿನವನಿಗೆ ಆನೆ ಮೈ ಮೇಲೆ ಹೋಗ್ಬೇಡ ಅಂತ ಮೊದ್ಲೇ ಹೇಳಿ ಹತ್ತು.

ಪಾಸ್‌ಪೋರ್ಟ್ ಕೈಲಿಟ್ಕೋ, ನಮ್ಮಂಥ ಸಾರ್ಕ್ ದೇಶದವ್ರಿಗೆ ಟಿಕೆಟ್ ರೇಟು ಕಮ್ಮಿ. ಭುಜ ಮಂಡಿ ಮುಚ್ಚೋ ಬಟ್ಟೆ ಹಾಕ್ಕೋ, ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತಗೋಬೇಡ, ದೊಡ್ಡ ತಪ್ಪು ಅವರಿಗೆ. ಚಪ್ಪಲಿ ಬಿಟ್ಟ ಮೇಲೆ ಕಲ್ಲು ಸುಡತ್ತೆ, ಸಾಕ್ಸ್ ಇರಲಿ. ಡೇಟ್ ಫಿಕ್ಸ್ ಆದ್ರೆ ಹೇಳು, ಬೀಚಲ್ಲಿ ಒಂದು ದಿನ ಕಟ್ ಮಾಡಿ ಕಲಾ ವೇವ ಹೆಂಗೆ ತೂರಿಸೋದು ಅಂತ ಮ್ಯಾಪ್ ಹಾಕಿ ಕಳಿಸ್ತೀನಿ. ಅಮ್ಮಂಗೆ ಚಕ್ಕೆ ಬೇಕಂತೆ, ಅಲ್ಲಿದ್ದು ತೆಳ್ಳಗೆ ಪದರ ಪದರ ಸುರುಳಿ ಸುತ್ಕೊಂಡಿರತ್ತೆ, ದಪ್ಪ ತೊಗಟೆ ಕೊಟ್ರೆ ತಗೋಬೇಡ ಅಂತ ಇಲ್ಲೇ ನಿಂತು ಹೇಳ್ತಿದಾಳೆ.

ಅಪ್ಪ