ಮಗಳಿಗೊಂದು ಪತ್ರ: ತಿಪ್ಪೆಯ ಮೇಲಿನ ಉಣ್ಣೆ

ಬೀಳಗಿ
ಸೋಮವಾರ ರಾತ್ರಿ

ಯವ್ವಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉಣ್ಣದೆ ಧಾರವಾಡದ ಬಸ್ ಹತ್ತಿದೆಯಲ್ಲ, ಅವತ್ತಿನಿಂದ ನಿನ್ನವ್ವ ನನ್ನ ಮುಂದೆ ರೊಟ್ಟಿ ಇಟ್ಟು ಸುಮ್ನೆ ಎದ್ದು ಹೋಗುತ್ತಾಳೆ.

ಸಿಟ್ಟಿನಲ್ಲಿ ನಾನು ನಿನ್ನ ಉಣ್ಣೆ ಚೀಲ ತಿಪ್ಪೆಗೆ ಎಸೆದದ್ದನ್ನು ಮತ್ತೆ ಬಿಡಿಸಿ ಹೇಳುವುದಿಲ್ಲ. ಆದರೆ ಮರುದಿನ ಬೆಳಗ್ಗೆ ನೀನು ತಿಪ್ಪೆಯ ಮೇಲೆ ಕುಂತಿದ್ದೆ. ಸಗಣಿ ಹತ್ತಿದ ಉಣ್ಣೆಯನ್ನು ಆರಿಸುತ್ತಿದ್ದೆ. ಕರಿದು ಒಂದು ಕಡೆ, ಬೂದು ಒಂದು ಕಡೆ. ಅಷ್ಟರಲ್ಲೂ ಬಣ್ಣ ಬೇರೆ ಮಾಡುತ್ತಿದ್ದೆ! ಬೈದಿದ್ದರೆ ಚಲೋ ಇತ್ತು. ನೀನು ಬೈಯಲಿಲ್ಲ. ನಾನು ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಹಟ್ಟಿ ಕಡೆ ಹೋದೆ. ತಿರುಗಿ ಬಂದಾಗಲೂ ನೀನು ಅಲ್ಲೇ ಇದ್ದೆ. ಉಗುರಿನ ಸಂದಿಯಲ್ಲೆಲ್ಲ ಸಗಣಿ. ಈಗ ನಾನು ಕಸ ಚೆಲ್ಲಲು ಆ ಕಡೆ ಹೋಗುವುದಿಲ್ಲ, ನಿನ್ನ ತಮ್ಮನನ್ನು ಕಳಿಸುತ್ತೇನೆ.

ಉಣ್ಣೆಯ ಮೇಲೆ ನನಗೆ ಸಿಟ್ಟಿಲ್ಲವ್ವ. ನಿನ್ನ ಆಯಿ ನೂತ ನೂಲಿನ ಕಂಬಳಿ ಹೊದ್ದೇ ಬೆಳೆದವನು ನಾನು. ಹುಣಸೆ ಬೀಜದ ಗಂಜಿ ಕುಡಿದ ಕಂಬಳಿ ಅದು, ಹೊಸತರಲ್ಲಿ ಹಲಗೆಯ ಹಾಗೆ ನಿಲ್ಲುತ್ತಿತ್ತು. ಈಗ ಉಣ್ಣೆ ಮಾರಿದರೆ ಕತ್ತರಿಸಿದವರ ಕೂಲಿಯೂ ಹುಟ್ಟುವುದಿಲ್ಲ. ಅದಕ್ಕೇ ನಾನೂ 40 ಕರಿ ಕುರಿಯಲ್ಲಿ 28 ಮಾರಿ, ಮಾಂಸಕ್ಕೆ ಅಂತ ಕೆಂಪು ಕುರಿ ತಂದಿದ್ದು. ಅಂಥದರಲ್ಲಿ ನೀನು "ಓದು ಮುಗಿಸಿ ಊರಿಗೇ ಬಂದು ಕರಿ ಕುರಿ ಸಾಕ್ತೀನಿ" ಅಂದೆ. ಎದೆ ಧಸಕ್ ಅಂತು. ಕುರಿ ಹಿಂದೆ ಅಲೆದು ಸವೆದದ್ದು ನನ್ನ ಕಾಲು. ನಿನ್ನವೂ ಸವೆಯಬೇಕಾ? ಅದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ. ಚೀಲ ಎಸೆದೆ. ತಪ್ಪಾಯಿತು.

ಹೆಣಿಗೆ ಕಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಉಣ್ಣೆ ಒರಟು, ಸ್ವೆಟರ್ ಮಾಡಿದರೆ ಮೈಗೆ ಚುಚ್ಚುತ್ತದೆ. ಚೀಲ ಹೆಣಿ, ಹಾಸು ಹೆಣಿ. ಉಣ್ಣೆಯನ್ನು ಉಗುರುಬೆಚ್ಚನೆ ನೀರಲ್ಲಿ ನೆನೆಸು, ತಿಕ್ಕಬೇಡ. ಬಿಸಿನೀರಲ್ಲಿ ತಿಕ್ಕಿದರೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ, ಆಮೇಲೆ ದೇವರು ಬಂದರೂ ಬಿಡಿಸಲಾಗದು. ಒಂಟಿ ಎಳೆಯಲ್ಲಿ ಹೆಣೆದರೆ ಓರೆ ಎಳೆಯುತ್ತದೆ. ಎರಡೆಳೆ ಕೂಡಿಸಿ, ನೂತ ದಿಕ್ಕಿಗೆ ಉಲ್ಟಾ ಹುರಿ ಹಾಕು, ಹಗ್ಗ ಹೊಸೆದ ಹಾಗೆ. ಮತ್ತೆ ಪರೀಕ್ಷೆ ಮುಗಿಯುವ ತನಕ ಹೆಣಿಗೆ ಕಡ್ಡಿ ಮುಟ್ಟಬೇಡ. ಹೋಗಲಿ, ಸಂಜೆ ಒಂದು ತಾಸು ಮುಟ್ಟು, ಜಾಸ್ತಿ ಬೇಡ. ಹಾಸ್ಟೆಲ್‌ನಲ್ಲಿ ಸಣ್ಣ ಬೆಳಕಲ್ಲಿ ಕುಂತು ಕಣ್ಣು ದಣಿಸಿಕೊಳ್ಳಬೇಡ. ನೋಡು, ಕ್ಷಮೆ ಕೇಳಲು ಕುಂತು ಏನೇನೋ ಹೇಳುತ್ತಿದ್ದೇನೆ.

ನೀನು ಹೆಣೆದ ಟೋಪಿ ಹಾಕಿಕೊಂಡೇ ಸಂತೆಗೆ ಹೋಗಿದ್ದೆ. ಯಾರು ಮಾಡಿದ್ದು ಅಂತ ಮೂವರು ಕೇಳಿದರು. ಮೂವರಿಗೂ ಮಗಳು ಅಂತ ಹೇಳಿದೆ. ಹಣೆ ಕೆರೆಯುತ್ತಿತ್ತು, ತೆಗೆಯಲಿಲ್ಲ.

ಉಳಿದ 12 ಕರಿ ಕುರಿಗಳ ಉಣ್ಣೆ ನಿನ್ನೆ ಕತ್ತರಿಸಿದೆವು. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಲ ಕೊಡುತ್ತೇನೆ, ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೋ. ಬಣ್ಣ ಬೇರೆ ಮಾಡಿದ್ದೇನೆ. ರಾತ್ರಿ ಕರೆಂಟ್ ಇರಲಿಲ್ಲ, ಬೂದು ಕರಿದರಲ್ಲಿ ಸೇರಿದ್ದರೆ ನೋಡಿ ತೆಗೆ.

ನಿನ್ನ ಅಪ್ಪ