ಆಯಿಗೆ, ಮಡಗಾಂವಿನಿಂದ

ಪ್ರೀತಿಯ ಆಯಿ,

ನಾನು ಆರಾಮ. ನೀವೂ ಆರಾಮ ಅಂದುಕೊಂಡಿದ್ದೆ, ಅಷ್ಟರಲ್ಲಿ ಮಾಣಿಯ ಕಾಗದ ಬಂತು. ನಿನ್ನ ಮಂಡಿ ಆಪರೇಷನ್ನಿಗೆ ಅಂತ ಅಪ್ಪಯ್ಯ ಜಗುಲಿಯ ನಾಲ್ಕೂ ಕಂಬ ಮಾರುತ್ತಾರಂತೆ, ಯಾರೋ ವ್ಯಾಪಾರಿ ಬಂದು ಬೆರಳಲ್ಲಿ ಕುಟ್ಟಿ ನೋಡಿ ಫೋಟೋ ತೆಗೆದುಕೊಂಡು ಹೋದನಂತೆ. ಅಡ್ವಾನ್ಸ್ ತಗೊಂಡಿಲ್ಲ ತಾನೇ? ತಗೊಂಡಿದ್ದರೆ ವಾಪಸ್ ಕೊಡಿ. ಇದನ್ನು ಇವತ್ತೇ ಅಪ್ಪಯ್ಯನಿಗೆ ಹೇಳು, ಉಳಿದ ಕಾಗದ ಆಮೇಲೆ ಓದಿದರಾಯಿತು.

ತಮಾಷೆ ಏನು ಗೊತ್ತಾ, ಹದಿನೈದು ದಿನದಿಂದ ಇಲ್ಲಿ ನನ್ನ ಕೆಲಸವೂ ಇಂಥದ್ದೇ. ಒಂದು ಹಳೇ ಬಂಗಲೆ. ಜಾಗ ಬಿಡಬೇಕು, ಅದಕ್ಕೆ ಮಾಲೀಕರು ಇಡೀ ಮನೆ ಬಿಚ್ಚಿ ಬೇರೆ ಕಡೆ ಕಟ್ಟುತ್ತೇವೆ ಅನ್ನುತ್ತಾರೆ. ಅಷ್ಟು ಖರ್ಚು ಮಾಡಿ ಉಳಿಸುವ ಯೋಗ್ಯತೆ ಆ ಮನೆಗೆ ಇದೆಯಾ ಅಂತ ನೋಡಿ ಹೇಳಬೇಕಾದವರು ನಾವು.

ಗೋವಾ ಅಂದರೆ ಪರದೇಶ ಅನ್ನುತ್ತಿದ್ದರಲ್ಲ ಅಜ್ಜ, 1961ರವರೆಗೆ ಪೋರ್ಚುಗೀಸರ ಕೈಲಿತ್ತು, ಅವರು ಹೇಳಿದ್ದು ಸುಳ್ಳಲ್ಲ. ಈ ಮನೆಯ ಕಿಟಕಿಗೆ ಗಾಜಿಲ್ಲ ಆಯಿ, ಚಿಪ್ಪು! ಸಮುದ್ರದ ಚಿಪ್ಪನ್ನು ತೆಳ್ಳಗೆ ಚೌಕ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸಿದ್ದಾರೆ. ಮಧ್ಯಾಹ್ನ ಒಳಗಿನ ಬೆಳಕು ಥೇಟ್ ನೀರು ಮಜ್ಜಿಗೆ. ಬಾಗಿಲ ಮುಂದೆ ಬಲ್ಕಾಂವ್ ಅಂತ ಇರುತ್ತೆ, ಎರಡು ಬದಿ ಕಲ್ಲಿನ ಆಸನ, ಸಂಜೆ ಅಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುವುದು. ನಿನಗೆ ಹೇಳಿ ಮಾಡಿಸಿದ ಜಾಗ.

ಇದು 1865ರ ಮನೆ ಅಂತ ಮಾಲೀಕರ ವಾದ. ಸಾಕ್ಷಿ ಏನು? ಹಂಚಿನ ಮೇಲೆ ಅಚ್ಚೊತ್ತಿದ ಇಸವಿ. ಮಗುಚಿ ನೋಡಿದರೆ ಬಾಸೆಲ್ ಮಿಷನ್, ಮಂಗಳೂರು! ಅದು ಹಂಚಿನ ಕಾರ್ಖಾನೆ ಶುರುವಾದ ವರ್ಷ, ಮನೆಯದ್ದಲ್ಲ. ನಮ್ಮ ಕಡೆಯ ಹಂಚು ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ, ಅವರ ಮುಖ ಸಣ್ಣದಾಯಿತು.

ಕನ್ನಂಬಾಡಿಯ ವೇಣುಗೋಪಾಲನ ಗುಡಿಯನ್ನೇ ಸಾಗಿಸಲಿಲ್ಲವಾ ಅಂತ ಅಪ್ಪಯ್ಯ ಕೇಳಬಹುದು. ಅದು ಕೆತ್ತಿದ ಕಲ್ಲು, ನಂಬರ್ ಹಾಕಿ ಮತ್ತೆ ಜೋಡಿಸಬಹುದು. ಇಲ್ಲಿ ಮಣ್ಣಲ್ಲಿ ಕೂರಿಸಿದ ಚಿರೇಕಲ್ಲು, ಮೇಲೆ ಸುಣ್ಣದ ಗಾರೆ. ಜಾಕ್ ಕೊಟ್ಟು ಎತ್ತಿದರೆ ಗೋಡೆ ಸೀಳುತ್ತೆ, ಬಿಚ್ಚಿದರೆ ಗಾರೆಯೆಲ್ಲ ಪುಡಿ. ಮರದ ಕೆಲಸ ಮಾತ್ರ ಬಿಚ್ಚಿ ಕಟ್ಟಬಹುದು, ವಿಜಯನಾಥ ಶೆಣೈ ಮಣಿಪಾಲದಲ್ಲಿ ಹಳೇ ಮನೆಗಳನ್ನು ತಂದು ನಿಲ್ಲಿಸಿದರಲ್ಲ. ಸ್ಮಾರಕ ಉಳಿಸೋಕೆ ಅದೇ ಬೇಕಾದಾಗ, ಇಲ್ಲವೇ ದೇಶದ್ದೋ ಜಗತ್ತಿನದ್ದೋ ಬಹಳ ದೊಡ್ಡ ಹಿತ ಇದ್ದಾಗ ಮಾತ್ರ ಅದನ್ನು ಜಾಗದಿಂದ ಎಬ್ಬಿಸಿ ಅಂತ ಹಳೇ ಕಟ್ಟಡಗಳ ತಜ್ಞರು 1964ರಲ್ಲೇ ವೆನಿಸ್‌ನಲ್ಲಿ ಕೂತು ಬರೆದಿಟ್ಟಿದ್ದಾರೆ. ಈ ಬಂಗಲೆಯ ಹಿಂದಿನ ಅರ್ಧ ಆಗಲೇ ಸಿಮೆಂಟು. ಬಲ್ಕಾಂವಿಗೆ ಬೆಲೆ ಬಂದಿದ್ದು ಎದುರಿನ ಓಣಿಯಿಂದ, ಓಣಿಯನ್ನು ಲಾರಿಯಲ್ಲಿ ಹೇರೋಕಾಗುತ್ತಾ? ಕಿಟಕಿ, ಬಾಗಿಲು, ಮಾಡಿನ ಮರ ಉಳಿಸಿ, ಅಳತೆ ಬರೆದಿಟ್ಟುಕೊಳ್ಳಿ, ಗೋಡೆ ಬಿಡಿ ಅಂತ ಬರೆದುಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ ಅನ್ನು.

ಈಗ ನಮ್ಮ ಕಂಬ. ಅವು ಸುಮ್ನೆ ನಿಂತಿಲ್ಲ, ತೊಲೆ, ಪಕಾಸು, ಹಂಚು ಎಲ್ಲ ಅವುಗಳ ತಲೆ ಮೇಲಿದೆ. ಮಳೆಗಾಲದ ಬಾಯಲ್ಲಿ ಬಿಚ್ಚಿದರೆ ಜಗುಲಿ ಕೂರುತ್ತೆ. ಬಲಗಡೆ ಕೊನೇ ಕಂಬದ ಬುಡವನ್ನು ಒರಲೆ ತಿಂದಿದೆ, ಅದರ ತೂತಿಗೆ ನಾನು ಹುಣಸೆ ಬೀಜ ತುಂಬುತ್ತಿದ್ದೆ, ನೀನು ಬೈಯುತ್ತಿದ್ದೆ. ವ್ಯಾಪಾರಿಗೆ ಅದು ಆಗಲೇ ಕಂಡಿರುತ್ತೆ, ಲಾರಿ ತಂದ ದಿನ ಅದನ್ನೇ ತೋರಿಸಿ ನಾಲ್ಕಕ್ಕೂ ರೇಟು ಇಳಿಸುತ್ತಾನೆ. ಮಾರಲೇಬಾರದು ಅಂತ ನಾನು ಹೇಳುತ್ತಿಲ್ಲ. ನಿನ್ನ ಮಂಡಿಗಿಂತ ಕಂಬ ದೊಡ್ಡದಲ್ಲ. ಆದರೆ ನಾನು ಬಂದು ನೋಡುವವರೆಗೆ ಯಾರೂ ಮುಟ್ಟಬೇಡಿ. ಆಪರೇಷನ್ ಮುಂದಕ್ಕೆ ಹಾಕಬೇಡ, ತಾರೀಕು ತಗೋ, ಅರ್ಧ ದುಡ್ಡು ನನ್ನ ಹತ್ತಿರ ಇದೆ. ಇನ್ನರ್ಧವೂ ಆಗುತ್ತೆ, ಖಂಡಿತ ಆಗುತ್ತೆ. ನನಗೆ ಏನೂ ತೊಂದರೆ ಇಲ್ಲ, ಒಂದು ಚೂರೂ ಇಲ್ಲ. ಮೂರು ಹೊತ್ತೂ ಊಟ ಮಾಡುತ್ತೇನೆ. ಮೀನು ಮುಟ್ಟಿಲ್ಲ. ನಿಜವಾಗಿ ಮುಟ್ಟಿಲ್ಲ.

ಮೇಸ್ತ್ರಿ ಕೂಗುತ್ತಿದ್ದಾರೆ, ಕಿಟಕಿ ಇಳಿಸಬೇಕಂತೆ. ಅಡ್ವಾನ್ಸ್ ವಿಷಯ ಮರೀಬೇಡ.

ನಿನ್ನ ಕೂಸು